ಕೀಮೋದ ಇಪ್ಪತ್ತೊಂದು ದಿನ: ಜೊತೆಗಿರುವವರು ಯಾವ ದಿನ ಎಂತ ಮಾಡಬೇಕು

ಸ್ತನ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿರುವ ಹೆಂಗಸಿಗೆ "ಧೈರ್ಯವಾಗಿರು" ಎಂದು ಹೇಳದವರಿಲ್ಲ. ಫೋನಿನಲ್ಲಿ, ಜಗಲಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಸಿಕ್ಕವರೆಲ್ಲ ಅದನ್ನೇ ಹೇಳಿ ಹೋಗುತ್ತಾರೆ. ಕೇಳಿ ಕೇಳಿ ಅವರಿಗೆ ಸಾಕಾಗಿರುತ್ತದೆ. ಇವತ್ತು ಕೀಮೋ ಆಗಿ ಎಷ್ಟನೇ ದಿನ ಎಂಬುದು ಗೊತ್ತಿರುವ ಒಬ್ಬರು ಮನೆಯಲ್ಲಿದ್ದರೆ ಬರುವ ಬಲವೇ ಬೇರೆ. ಮೂರನೇ ದಿನದ ಸುಸ್ತಿಗೆ ಬೇಕಾದದ್ದು ಒಂದು, ಹತ್ತನೇ ದಿನದ ಜ್ವರಕ್ಕೆ ಬೇಕಾದದ್ದು ಇನ್ನೊಂದು. ಇದು ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ, ಚಿಕಿತ್ಸೆಗಾಗಿ ಮಂಗಳೂರಿಗೋ ತಲಶ್ಶೇರಿಗೋ ಓಡಾಡುವ ಮನೆಗಳಲ್ಲಿ ಜೊತೆಗೆ ನಿಲ್ಲುವ ಗಂಡ, ಮಗಳು, ಸೊಸೆ, ತಂಗಿ, ನೆರೆಮನೆಯವರಿಗಾಗಿ ಬರೆದದ್ದು.

ಮೊದಲು ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ. ಕೀಮೋ ಆದ ದಿನವನ್ನು ಒಂದು ಎಂದು ಇಟ್ಟುಕೊಂಡು ಇಪ್ಪತ್ತೊಂದರವರೆಗೆ ಪೆನ್ನಿನಲ್ಲಿ ಬರೆಯಿರಿ. ಸ್ತನ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಕಾಣುವ ಕ್ರಮ ಹೀಗಿದೆ: ಮೊದಲು ಡಾಕ್ಸೋರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್ ಎಂಬ ಮದ್ದುಗಳನ್ನು ಸೇರಿಸಿ ನಾಲ್ಕು ಸಲ, ಮೂರು ವಾರಕ್ಕೊಮ್ಮೆ, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ವಾರಕ್ಕೊಂದರಂತೆ ಹನ್ನೆರಡು, ಇಲ್ಲವೇ ಡೋಸಿಟ್ಯಾಕ್ಸೆಲ್ ಮೂರು ವಾರಕ್ಕೊಮ್ಮೆ ನಾಲ್ಕು. ಕೆಲವರಿಗೆ ಮೊದಲಿನದನ್ನು ಎರಡೇ ವಾರಕ್ಕೊಮ್ಮೆ ಕೊಡುತ್ತಾರೆ. ನಿಮ್ಮವರಿಗೆ ಯಾವುದು, ಒಟ್ಟು ಎಷ್ಟು ಎಂದು ಡಾಕ್ಟರ ಬಳಿ ಕೇಳಿ ಬರೆದುಕೊಳ್ಳಿ. ಒಟ್ಟು ಎಂಟರಲ್ಲಿ ಮೂರು ಮುಗಿಯಿತು ಎಂಬ ಲೆಕ್ಕ ಕಣ್ಣೆದುರಿಗೆ ಇದ್ದರೆ ಚಿಕಿತ್ಸೆಗೆ ಒಂದು ಕೊನೆ ಕಾಣುತ್ತದೆ.

ಮೊದಲ ಮೂರು ದಿನ

ಡಾಕ್ಸೋರುಬಿಸಿನ್ ಕೆಂಪು ಬಣ್ಣದ ಮದ್ದು. ಅದು ಹೋದ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗಿ ಬರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ರಾತ್ರಿ ಬಚ್ಚಲಿನಲ್ಲಿ ಅದನ್ನು ನೋಡಿ ರಕ್ತವೆಂದು ಹೆದರುತ್ತಾರೆ. ಎರಡು ದಿನ, ಅಂದರೆ 48 ಗಂಟೆ, ಶೌಚಾಲಯಕ್ಕೆ ಎರಡು ಸಲ ನೀರು ಹಾಕಬೇಕು. ವಾಂತಿ ಬಿದ್ದ ಬಟ್ಟೆಯನ್ನು ಕೈಗವಸು ಹಾಕಿಕೊಂಡು ಬೇರೆಯಾಗಿ ತೊಳೆಯಬೇಕು, ಬಸುರಿಯರು ಆ ಕೆಲಸಕ್ಕೆ ಹೋಗಬಾರದು. ಎಚ್ಚರಿಕೆ ಅಷ್ಟಕ್ಕೇ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವ ಅಗತ್ಯವೇ ಇಲ್ಲ, ಕ್ಯಾನ್ಸರ್ ಅಂಟುವ ರೋಗವಲ್ಲ. ಮನೆಯಲ್ಲಿ ಲೋಟ ಬೇರೆ ಇಟ್ಟದ್ದು ಅವರ ಕಣ್ಣಿಗೆ ಬಿದ್ದರೆ ಆಮೇಲೆ ನೀವು ಹೇಳುವ ಒಳ್ಳೆಯ ಮಾತೊಂದೂ ಕಿವಿಗೆ ಹೋಗುವುದಿಲ್ಲ.

ವಾಂತಿಯ ಮಾತ್ರೆಯಲ್ಲೇ ಹೆಚ್ಚಿನ ಮನೆಗಳು ಎಡವುತ್ತವೆ. ಅಪ್ರೆಪಿಟಂಟ್ ಕ್ಯಾಪ್ಸೂಲ್ ಕೊಟ್ಟಿದ್ದರೆ ಅದು ಸಾಮಾನ್ಯವಾಗಿ ಮೂರು ದಿನದ್ದು: ಮೊದಲ ದಿನ 125 ಮಿಲಿಗ್ರಾಂ, ಎರಡು ಮತ್ತು ಮೂರನೇ ದಿನ 80. "ವಾಂತಿ ಇಲ್ಲವಲ್ಲ, ಸುಮ್ಮನೆ ಯಾಕೆ ಮಾತ್ರೆ" ಎಂದು ಎರಡನೆಯದನ್ನು ಬಿಟ್ಟುಬಿಡುತ್ತಾರೆ. ವಾಂತಿ ಇಲ್ಲದಿರುವುದು ಆ ಮಾತ್ರೆಯಿಂದಲೇ. ತಡವಾಗಿ ಬರುವ ವಾಂತಿ ಎರಡನೇ, ಮೂರನೇ ದಿನ ಹಿಡಿದುಕೊಂಡರೆ ಬಿಡಿಸುವುದು ಕಷ್ಟ. ವಾಂತಿಗೇ ಕೊಡುವ ಒಂಡನ್‌ಸೆಟ್ರಾನ್ ಮಾತ್ರೆಯಿಂದ ಮಲಬದ್ಧತೆ ಆಗುತ್ತದೆ. ನಾಲ್ಕನೇ ದಿನ ಹೊಟ್ಟೆ ಕಟ್ಟಿ ಕೂತಾಗ "ಕೀಮೋ ಆಗಿಬರಲಿಲ್ಲ" ಎಂದು ಹೆದರುವ ಬದಲು ಮೊದಲ ದಿನವೇ ಡಾಕ್ಟರಲ್ಲಿ ಇದಕ್ಕೂ ಒಂದು ಮದ್ದು ಕೇಳಿಟ್ಟುಕೊಳ್ಳಿ.

ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ಮೊದಲೆರಡು ದಿನ ಒಂಥರಾ ಹುರುಪು ಕೊಡುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಅದು ಇಳಿದ ಕೂಡಲೇ ಮೂರು, ನಾಲ್ಕನೇ ದಿನ ದೇಹ ಕುಸಿದು ಕೂರುತ್ತದೆ, ಅಳುವೂ ಬರುತ್ತದೆ. "ನಿನ್ನೆ ಚೆನ್ನಾಗಿದ್ದೆಯಲ್ಲ, ಇವತ್ತು ಎಂತ ಆಯ್ತು?" ಎಂದು ಕೇಳಬೇಡಿ. ಮದ್ದಿಗೆ ಹೀಗೇ ಆಗುವುದು, ಐದಾರನೇ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏಳುತ್ತದೆ ಎಂದು ಹೇಳಿ, ದೀಪ ಆರಿಸಿ ಮಲಗಲು ಬಿಡಿ.

ಊಟದ ವಿಷಯದಲ್ಲಿ ವಾಸನೆಯೇ ದೊಡ್ಡ ಶತ್ರು. ಒಗ್ಗರಣೆಯ ಸದ್ದು ಕೇಳಿದರೇ ಹೊಟ್ಟೆ ತೊಳಸುವವರಿದ್ದಾರೆ. ಈ ದಿನಗಳಲ್ಲಿ ಮೀನು ಹುರಿಯುವುದು, ಬೆಳ್ಳುಳ್ಳಿ ಒಗ್ಗರಣೆ ಹಾಕುವುದು ಅವರು ಮಲಗಿರುವ ಕೋಣೆಯಿಂದ ದೂರ ನಡೆಯಲಿ. ನೆರೆಮನೆಯವರು ಸಹಾಯ ಮಾಡಬಯಸಿದರೆ ಅಡುಗೆಯನ್ನೇ ಅಲ್ಲಿ ಮಾಡಿ ತಂದುಕೊಡಲಿ, ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಬಿಸಿ ಹಬೆಯಾಡುವ ಅನ್ನಕ್ಕಿಂತ ಆಗಷ್ಟೇ ಮಾಡಿ ಉಗುರುಬೆಚ್ಚಗಾದ ಕುಚ್ಚಲಕ್ಕಿ ಗಂಜಿಗೆ ವಾಸನೆ ಕಡಿಮೆ. ದಿನಕ್ಕೆ ಮೂರು ಊಟದ ಬದಲು ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಸಾಕು. ಬಾಯಿಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಇದ್ದರೆ ಸ್ಟೀಲಿನ ಚಮಚ ಬಿಡಿ. ಹಲಸಿನ ಎಲೆಯನ್ನು ಬಿಸಿನೀರಿನಲ್ಲಿ ತೊಳೆದು, ಮಡಚಿ, ತೆಂಗಿನ ಗರಿಯ ಕಡ್ಡಿ ಚುಚ್ಚಿ ಮಾಡುವ ಚಮಚ ಇಂಥ ಹೊತ್ತಿಗೆ ಹೇಳಿ ಮಾಡಿಸಿದ ಹಾಗಿದೆ. ಪುನರ್ಪುಳಿ ಸಾರು ಬಾಯಿ ರುಚಿಗೆ ಒಳ್ಳೆಯದು, ಬಾಯಿ ಹುಣ್ಣಾಗದೆ ಇದ್ದರೆ ಮಾತ್ರ.

ಏಳರಿಂದ ಹದಿನಾಲ್ಕು

ಇಡೀ ಸುತ್ತಿನಲ್ಲಿ ಗಮನವಿಟ್ಟು ನೋಡಬೇಕಾದ ವಾರ ಇದು. ಕೀಮೋ ಮದ್ದು ಬೇಗ ಬೇಗ ಬೆಳೆಯುವ ಕಣಗಳನ್ನೆಲ್ಲ ಹೊಡೆಯುತ್ತದೆ. ರಕ್ತದ ಬಿಳಿಕಣಗಳು ಏಳನೇ ದಿನದಿಂದ ಹದಿನಾಲ್ಕನೇ ದಿನದ ಒಳಗೆ ಎಲ್ಲಕ್ಕಿಂತ ಕೆಳಗೆ ಇಳಿಯುತ್ತವೆ. ಆಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಏರಬಹುದು.

ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು, ಅದರ ಸೆಲ್ ಸರಿಯಿದೆಯೇ ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಹೊತ್ತು ನೋಡದೆ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಬೆಳಿಗ್ಗೆ ನೋಡೋಣ ಎನ್ನುವ ಮಾತು ಇಲ್ಲ. ಇಲ್ಲಿ ಆಗುವ ತಪ್ಪು ಒಂದೇ: ಮೈ ಬಿಸಿಯಾದ ಕೂಡಲೇ ಪ್ಯಾರಾಸಿಟಮಾಲ್ ಕೊಟ್ಟುಬಿಡುವುದು. ಜ್ವರ ಇಳಿದ ಹಾಗೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಮೊದಲು ಅಳೆಯಿರಿ, ಆಮೇಲೆ ಫೋನ್, ಮಾತ್ರೆ ಡಾಕ್ಟರು ಹೇಳಿದ ಮೇಲೆ. ಚಳಿ ಬಂದು ನಡುಗಿದರೆ ಥರ್ಮಾಮೀಟರ್ ಎಷ್ಟೇ ತೋರಿಸಲಿ, ಹೊರಡಬೇಕು. ದೂರದ ಆಸ್ಪತ್ರೆಗೆ ಹೋಗಲಾಗದೆ ಹತ್ತಿರದಲ್ಲಿ ತೋರಿಸುವುದಾದರೆ ಬಾಗಿಲಲ್ಲೇ ಹೇಳಿ: "ಇವರಿಗೆ ಕೀಮೋ ಆಗಿ ಹತ್ತು ದಿನ, ಈಗ ಜ್ವರ." ಈ ಒಂದು ವಾಕ್ಯಕ್ಕೆ ಸಾಲು ತಪ್ಪಿಸಿ ಒಳಗೆ ಕರೆಯುತ್ತಾರೆ. ರಾತ್ರಿ ಎರಡು ಗಂಟೆಗೆ ಕರೆದರೂ ಬರುವ ಜೀಪಿನವರದ್ದೋ ರಿಕ್ಷಾದವರದ್ದೋ ನಂಬರು ಎರಡಾದರೂ ಫ್ರಿಜ್ಜಿನ ಮೇಲೆ ಅಂಟಿಸಿಡಿ. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ, ಪೆರ್ಲ, ಬದಿಯಡ್ಕದ ಒಳ ರಸ್ತೆಗಳಲ್ಲಿ ಮರ ಬಿದ್ದರೆ ಯಾವ ದಾರಿಯಲ್ಲಿ ಸುತ್ತಿ ಬರಬೇಕೆಂದು ಗೊತ್ತಿರುವವರೇ ಬೇಕು.

ಬಿಳಿಕಣ ಏರಿಸುವ ಇಂಜೆಕ್ಷನ್ ಬರೆದುಕೊಟ್ಟರೆ ಅದನ್ನು ಕೀಮೋ ಮುಗಿದು 24 ಗಂಟೆ ಕಳೆದ ಮೇಲೆ ಹಾಕಬೇಕು, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಫ್ರಿಜ್ಜಿನ ಫ್ರೀಜರಿನಲ್ಲಿ ಇಟ್ಟು ಹಾಳುಮಾಡಿದವರಿದ್ದಾರೆ, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಮಂಗಳೂರಿನಿಂದ ತರುವಾಗ ಐಸ್‌ಪ್ಯಾಕಿನ ಡಬ್ಬಿಯಲ್ಲಿ, ಐಸಿಗೆ ನೇರ ತಾಗದಂತೆ ಬಟ್ಟೆ ಸುತ್ತಿ ತನ್ನಿ. ಇದನ್ನು ಹಾಕಿದ ಮೇಲೆ ಸೊಂಟ, ಎದೆಗೂಡಿನ ಮೂಳೆಗಳು ನೋಯುತ್ತವೆ. ಮಜ್ಜೆ ಹೊಸ ಕಣ ಮಾಡುವ ನೋವು ಅದು, ರೋಗ ಮೂಳೆಗೆ ಹಬ್ಬಿತು ಎಂದು ಅವರು ಒಳಗೊಳಗೇ ಅಂದುಕೊಳ್ಳುವ ಮೊದಲು ಹೇಳಿಬಿಡಿ.

ಬಾಯಿ ಹುಣ್ಣೂ ಈ ವಾರವೇ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ, ಊಟ ಆದ ಮೇಲೆ ತಪ್ಪದೆ, ಬಾಯಿ ಮುಕ್ಕಳಿಸಬೇಕು. ಅಂಗಡಿಯ ಮೌತ್‌ವಾಶ್‌ಗಳಲ್ಲಿ ಆಲ್ಕೋಹಾಲ್ ಇದ್ದರೆ ಉರಿ ಇನ್ನೂ ಹೆಚ್ಚು. ಮಿಡಿ ಉಪ್ಪಿನಕಾಯಿ ಡಬ್ಬಿ ಕಣ್ಣಿಗೆ ಕಾಣದ ಹಾಗೆ ಇಡಿ.

ನೀರು ಕುದಿಸಿ ಆರಿಸಿದ್ದು, ಬಾವಿ ಎಷ್ಟೇ ಚೆನ್ನಾಗಿರಲಿ. ಹಣ್ಣು ಸಿಪ್ಪೆ ಸುಲಿಯುವಂಥದ್ದು. ಹಸಿ ತೆಂಗಿನಕಾಯಿ ಅರೆದ ಚಟ್ನಿ, ಸೊಪ್ಪಿನ ತಂಬುಳಿ ಈ ವಾರ ಬೇಡ, ಬೇಯಿಸಿದ್ದೇ ಆಗಬೇಕು. ನಿನ್ನೆಯ ಸಾಂಬಾರು ಎಷ್ಟು ರುಚಿಯಾದರೂ ಬೇಡ. ಇನ್ನೊಂದು ದೊಡ್ಡ ತೊಂದರೆ ನಮ್ಮ ನಂಜಿನ ಲೆಕ್ಕ. ಮೊಟ್ಟೆ ನಂಜು, ಮೀನು ನಂಜು, ಬದನೆ ನಂಜು ಎಂದು ಹಿರಿಯರು ಒಂದೊಂದನ್ನೇ ಬಿಡಿಸಿ ಕೊನೆಗೆ ಅವರಿಗೆ ಉಳಿಯುವುದು ಗಂಜಿನೀರು. ಗಾಯ ಮಾಗಲು, ರಕ್ತ ಏರಲು ಪ್ರೋಟೀನ್ ಬೇಕು. ಪೂರ್ತಿ ಬೆಂದ ಮೊಟ್ಟೆ, ಮೀನು ಸಾರು, ತಿನ್ನದವರಿಗೆ ಹೆಸರುಬೇಳೆ, ಕಡಲೆ, ಪನೀರು ಕೊಡಬಹುದು, ಕೊಡಬೇಕು. ಅತ್ತೆಯನ್ನು ಎದುರು ಹಾಕಿಕೊಂಡು ಜಗಳವಾಡುವ ಬದಲು ಮುಂದಿನ ಸಲ ಅತ್ತೆಯನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಹಾರತಜ್ಞರ ಬಾಯಿಂದ ಹೇಳಿಸುವುದು ಸುಲಭ.

ಯಾರಾದರೂ ಲಕ್ಷ್ಮಣ ಫಲದ ಎಲೆಯ ಕಷಾಯವೋ, ಹೆಸರಿಲ್ಲದ ಬಾಟಲಿಯ ಮದ್ದೋ ತಂದುಕೊಟ್ಟರೆ ಬೇಡವೆನ್ನಲು ಸಂಕೋಚವಾಗುತ್ತದೆ. ತೆಗೆದಿಟ್ಟುಕೊಳ್ಳಿ, ಆದರೆ ಕುಡಿಸುವ ಮೊದಲು ಡಾಕ್ಟರಿಗೆ ತೋರಿಸಿ. ಕೀಮೋ ಮದ್ದನ್ನು ಕರಗಿಸಿ ಹೊರಹಾಕುವ ಕೆಲಸ ಬಹುಪಾಲು ಪಿತ್ತಜನಕಾಂಗದ್ದು, ಅದಕ್ಕೆ ಇನ್ನೊಂದು ಹೊರೆ ಬಿದ್ದರೆ ಮುಂದಿನ ಕೀಮೋ ಮುಂದೂಡಬೇಕಾಗುತ್ತದೆ. ಪ್ರಶ್ನೆ ಇಡಿಸುವುದು, ಹರಕೆ ಹೊರುವುದು ಮನೆಯವರ ಮನಸ್ಸಿಗೆ ಸಮಾಧಾನ ತಂದರೆ ತರಲಿ. ಅದರ ದಿನ ಗೊತ್ತುಮಾಡುವಾಗ ಗೋಡೆಯ ಕ್ಯಾಲೆಂಡರ್ ನೋಡಿ, ಕೀಮೋದ ದಿನ ಮಾತ್ರ ಅಲುಗಬಾರದು.

ನೋಡಲು ಬರುವವರು ಈ ವಾರ ಬರದಿದ್ದರೆ ಒಳ್ಳೆಯದು. ಬಂದರೂ ಜಗಲಿಯಲ್ಲಿ ಹದಿನೈದು ನಿಮಿಷ. ಶೀತ ಇರುವವರು, ಮನೆಯಲ್ಲಿ ಚಿಕನ್‌ಪಾಕ್ಸ್ ಆದ ಮಕ್ಕಳಿರುವವರು ಫೋನಿನಲ್ಲೇ ಮಾತಾಡಲಿ. ಇದನ್ನು ರೋಗಿಯ ಬಾಯಲ್ಲಿ ಹೇಳಿಸಬೇಡಿ, ಬಾಗಿಲಲ್ಲಿ ನಿಂತು ಹೇಳಿ ಕೆಟ್ಟವರಾಗುವ ಕೆಲಸ ನಿಮ್ಮದು.

ಹದಿನೈದರ ಮೇಲೆ

ಈ ಏಳು ದಿನ ಅವರದ್ದು. ನಾಲಿಗೆಗೆ ರುಚಿ ತಿರುಗಿ ಬರುತ್ತದೆ, ಅಂಗಳದ ತುದಿಯವರೆಗೆ ನಡೆಯಲು ಮನಸ್ಸಾಗುತ್ತದೆ. ಹೆಚ್ಚಿನವರು ಈ ದಿನಗಳನ್ನು ಮುಂದಿನ ಕೀಮೋದ ಹೆದರಿಕೆಯಲ್ಲಿ ಕಳೆದುಬಿಡುತ್ತಾರೆ, ಮನೆಯವರೂ ಅವರನ್ನು ಒಳಗೇ ಕೂರಿಸುತ್ತಾರೆ. ರಕ್ತಪರೀಕ್ಷೆಯಲ್ಲಿ ಕಣ ಏರಿದ್ದರೆ, ಡಾಕ್ಟರು ಸರಿ ಎಂದರೆ, ಹದಿನೆಂಟನೇ ದಿನ ಹತ್ತಿರದ ಬಯಲಾಟಕ್ಕೆ ಕರೆದುಕೊಂಡು ಹೋಗಿ. ಮಾಸ್ಕ್ ಹಾಕಿ, ಗುಂಪಿನ ಅಂಚಿನಲ್ಲಿ ಒಂದು ಕುರ್ಚಿ, ಎರಡು ಗಂಟೆ ಸಾಕು, ಬೆಳಗಿನವರೆಗೆ ಕೂರಬೇಕೆಂದಿಲ್ಲ. ಮದುವೆ, ಬ್ರಹ್ಮಕಲಶಗಳಿಗೂ ಇದೇ ಲೆಕ್ಕ: ಊಟದ ಪಂಕ್ತಿಯ ನೂಕುನುಗ್ಗಲು ತಪ್ಪಿಸಿ ಮುಖ ತೋರಿಸಿ ಬರಬಹುದು. ಮನೆಯ ಲೆಕ್ಕಪತ್ರ ಅವರೇ ನೋಡುತ್ತಿದ್ದರೆ ಅದನ್ನು ಕಿತ್ತುಕೊಳ್ಳಬೇಡಿ. ಅಡಿಕೆ ಎಷ್ಟಕ್ಕೆ ಕೊಡುವುದು ಎಂದು ಅವರನ್ನೇ ಕೇಳಿ.

ಬಾಯಿ ತೆರೆಯುವ ಮೊದಲು

"ಏನೂ ಆಗುವುದಿಲ್ಲ" ಎನ್ನಬೇಡಿ, ಆಗುತ್ತಿರುವುದು ಅವರಿಗೆ ಗೊತ್ತು. "ನಮ್ಮ ನಾದಿನಿಗೂ ಇದೇ ಆಗಿತ್ತು, ಪಾಪ" ಎಂದು ಶುರು ಮಾಡಿ ಅರ್ಧಕ್ಕೆ ನಿಲ್ಲಿಸುವುದು ಇನ್ನೂ ಕೆಟ್ಟದ್ದು, ಉಳಿದರ್ಧವನ್ನು ಅವರು ರಾತ್ರಿಯೆಲ್ಲ ಕೂತು ಪೂರ್ತಿ ಮಾಡುತ್ತಾರೆ. ಕಾಸರಗೋಡಿನಲ್ಲಿ ಇನ್ನೊಂದು ಮಾತು ಬಂದೇ ಬರುತ್ತದೆ: ಎಂಡೋಸಲ್ಫಾನ್ ಕೀಟನಾಶಕದಿಂದಲೇ ಇರಬೇಕು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಆ ವಿಷ ಸುರಿದದ್ದು ನಿಜ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದೂ ನಿಜ. ಆದರೆ ಈ ಒಬ್ಬ ಹೆಂಗಸಿನ ಗಡ್ಡೆಗೆ ಅದೇ ಕಾರಣವೆಂದು ಜಗಲಿಯಲ್ಲಿ ಕೂತು ತೀರ್ಪು ಕೊಡಲು ಯಾರಿಂದಲೂ ಆಗುವುದಿಲ್ಲ. ಕಾರಣದ ಚರ್ಚೆಯನ್ನು, "ಯಾವ ಜನ್ಮದ್ದೋ" ಎಂಬ ಮಾತಿನ ಜೊತೆಗೆ, ಅವರ ಕಿವಿಗೆ ಬೀಳದಷ್ಟು ದೂರ ಇಡಿ.

ಹಾಗಾದರೆ ಎಂತ ಹೇಳುವುದು? ಕೆಲಸವನ್ನೇ ಹೇಳಿ. "ಏನಾದರೂ ಬೇಕಾದರೆ ಹೇಳು" ಎಂದರೆ ಯಾರೂ ಕೇಳುವುದಿಲ್ಲ. "ಅಕ್ಕಾ, ಬುಧವಾರ ನಿಮಗೆ ಹತ್ತನೇ ದಿನ ಅಲ್ವಾ, ಮಕ್ಕಳನ್ನು ಶಾಲೆಯಿಂದ ನಾನೇ ಕರ್ಕೊಂಡು ಬರ್ತೇನೆ, ರಾತ್ರಿಗೆ ಗಂಜಿ, ಹೆಸರು ಪಲ್ಯ ಕಳಿಸ್ತೇನೆ" ಎಂದರೆ ಬೇಡ ಎನ್ನಲು ಅವರು ಕಾರಣ ಹುಡುಕಬೇಕು. ಅವರು "ಇನ್ನು ಸಾಕು ಮಾರಾಯ್ತಿ, ನನಗೆ ಆಗುವುದಿಲ್ಲ" ಎಂದರೆ ತಕ್ಷಣ ತಡೆಯಬೇಡಿ. "ಯಾವುದು ಜಾಸ್ತಿ ಕಷ್ಟ ಆಗ್ತಾ ಉಂಟು?" ಎಂದು ಕೇಳಿ. ಎಷ್ಟೋ ಸಲ ಉತ್ತರ ಸಾವಿನ ಭಯವಾಗಿರುವುದಿಲ್ಲ. ಇಂಜೆಕ್ಷನ್‌ಗೆ ನರ ಸಿಗದೆ ನಾಲ್ಕು ಸಲ ಚುಚ್ಚುವುದಾಗಿರುತ್ತದೆ. ಅದಕ್ಕೆ ಕೀಮೋ ಪೋರ್ಟ್, ಅಂದರೆ ಚರ್ಮದ ಕೆಳಗೆ ಕೂರಿಸಿ ಅದರ ಮೂಲಕವೇ ಮದ್ದು ಕೊಡುವ ಸಣ್ಣ ಸಾಧನ, ಹಾಕಿಸುವ ದಾರಿಯಿದೆ, ಡಾಕ್ಟರಲ್ಲಿ ಕೇಳಬಹುದು.

ಕೂದಲು

ಮೊದಲ ಕೀಮೋ ಆಗಿ ಎರಡರಿಂದ ಮೂರು ವಾರದಲ್ಲಿ ಉದುರಲು ಶುರು. ಮೊದಲು ನೆತ್ತಿ ನೋಯುತ್ತದೆ, ಆಮೇಲೆ ದಿಂಬಿನ ಮೇಲೆ, ಬಚ್ಚಲಿನ ತೂತಿನಲ್ಲಿ ಹಿಡಿ ಹಿಡಿಯಾಗಿ ಸಿಗುತ್ತದೆ. ಸೊಂಟದವರೆಗಿನ ಜಡೆ ಹೀಗೆ ಹೋಗುವುದನ್ನು ನೋಡುವುದಕ್ಕಿಂತ ಮೊದಲ ವಾರದಲ್ಲೇ ಭುಜದವರೆಗೆ ಕತ್ತರಿಸಿಕೊಂಡರೆ ಸ್ವಲ್ಪ ತಡೆದುಕೊಳ್ಳಬಹುದು. ಆದರೆ ನಿರ್ಧಾರ ಅವರದ್ದೇ. ಬೋಳಿಸುವುದಾದರೆ ಟ್ರಿಮ್ಮರ್ ಬಳಸಿ, ಬ್ಲೇಡು ಬೇಡ, ಗಾಯವಾದರೆ ಸೋಂಕು. ತಲೆಗೆ ಮೆತ್ತನೆಯ ಹತ್ತಿ ಬಟ್ಟೆ. ಪಾಲಿಯೆಸ್ಟರ್ ಜಾರುತ್ತದೆ, ಬೆವರುತ್ತದೆ. ಹುಬ್ಬು, ರೆಪ್ಪೆಯೂ ತೆಳುವಾಗುತ್ತವೆ ಎಂದು ಮೊದಲೇ ಹೇಳಿರಿ, ಅದನ್ನು ಯಾರೂ ಹೇಳಿರುವುದಿಲ್ಲ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ, ಮೊದಲಿಗೆ ಗುಂಗುರಾಗಿಯೂ ಬರಬಹುದು.

ಪ್ರಯಾಣ ಮತ್ತು ಕಾಗದ

ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಕಾಸರಗೋಡಿನಿಂದ ನೂರು ಕಿಲೋಮೀಟರಿಗೂ ಹೆಚ್ಚು. ರೈಲಿನಲ್ಲಿ ಹೋಗುವುದಾದರೆ ಆಸ್ಪತ್ರೆಯಿಂದ ರೈಲ್ವೆ ರಿಯಾಯಿತಿ ಪ್ರಮಾಣಪತ್ರ ಬರೆಸಿಕೊಳ್ಳಿ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥ್ರೀ ಟಿಯರ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಯವರಿಗೆ ಶೇಕಡಾ 75 ಕಡಿತ. ಸೆಕೆಂಡ್ ಕ್ಲಾಸಿನಲ್ಲಿ ಇಬ್ಬರಿಗೂ ಶೇಕಡಾ 75. ಇದು ಗೊತ್ತಿಲ್ಲದೆ ಪೂರ್ತಿ ದುಡ್ಡು ಕೊಟ್ಟು ಓಡಾಡುವವರೇ ಜಾಸ್ತಿ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಗಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗುವುದಾದರೆ ಆ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ಕೇಳಿ.

ಬಯಾಪ್ಸಿ ವರದಿ, ಗಡ್ಡೆ ಯಾವ ಬಗೆಯದೆಂದು ಹೇಳುವ ಈಆರ್, ಪಿಆರ್, ಹರ್2 ವರದಿ, ಪ್ರತಿ ಕೀಮೋದ ಸಾರಾಂಶ, ಹೃದಯದ ಎಕೋ ವರದಿ ಒಂದೇ ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿ ಇರಲಿ, ಫೋಟೋ ಮೊಬೈಲಿನಲ್ಲೂ ಇರಲಿ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದವರಿಗೆ ಬೇರೆ ಕಡೆ ಓಡಬೇಕಾಯಿತು; ಕಾಗದ ಕೈಯಲ್ಲಿದ್ದರೆ ಯಾವ ಡಾಕ್ಟರೂ ಮುಂದುವರಿಸಬಹುದು. ಮಲಯಾಳ ಕೇಳಿದರೆ ತಿಳಿಯುತ್ತದೆ, ಆದರೆ ಓದಲು ಬಾರದು ಎನ್ನುವ ಕನ್ನಡದ ಹೆಂಗಸರು ನಮ್ಮಲ್ಲಿ ತುಂಬ ಮಂದಿ. ಮಾತ್ರೆಯ ಹೊತ್ತನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಡಬ್ಬಿಗೇ ಅಂಟಿಸಿ. ಡಾಕ್ಟರ ಮುಂದೆ ನೀವೇ ಮಾತಾಡಿ ಮುಗಿಸಬೇಡಿ, ಅವರು ಕನ್ನಡದಲ್ಲೋ ತುಳುವಿನಲ್ಲೋ ಹೇಳಿದ್ದನ್ನು ಹಾಗೆಯೇ ದಾಟಿಸಿ, ಉತ್ತರವನ್ನೂ ಪೂರ್ತಿ ತಿರುಗಿಸಿ ಹೇಳಿ.

ಪಂಚಾಯತಿನ ಪಾಲಿಯೇಟಿವ್ ನರ್ಸ್ ಎಂದರೆ ಕೊನೆಗಾಲ ಬಂತು ಎಂದು ಭಾವಿಸುವವರಿದ್ದಾರೆ. ಡ್ರೆಸ್ಸಿಂಗ್, ನೋವು, ಮಲಬದ್ಧತೆಗೆಲ್ಲ ಮನೆಗೆ ಬಂದು ನೋಡುವವರು ಅವರು. ಆಶಾ ಕಾರ್ಯಕರ್ತೆಯ ಮೂಲಕ ಹೆಸರು ಬರೆಸಿ.

ಆಪರೇಷನ್, ರೇಡಿಯೇಷನ್

ಆಪರೇಷನ್ ಆದ ಮೇಲೆ ಗಾಯದ ನೀರು ಇಳಿಯಲು ಪಕ್ಕದಲ್ಲಿ ತೂಗುವ ಡ್ರೈನ್ ಬಾಟಲಿಯನ್ನು ದಿನವೂ ಒಂದೇ ಹೊತ್ತಿಗೆ ಅಳೆದು ಬರೆಯಿರಿ. ದಿನಕ್ಕೆ 20ರಿಂದ 30 ಮಿಲಿಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಕೈ ಮೇಲೆತ್ತುವ ವ್ಯಾಯಾಮಕ್ಕೆ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸಲು ಹೇಳಿ, ಮುಟ್ಟಿದಲ್ಲಿಗೆ ಪೆನ್ಸಿಲಿನ ಗೆರೆ ಹಾಕಿ. ಗೆರೆ ಏರುವುದು ಕಣ್ಣಿಗೆ ಕಂಡರೆ ಒತ್ತಾಯ ಬೇಕಾಗುವುದಿಲ್ಲ. ಬಾವಿಯಿಂದ ನೀರು ಸೇದುವುದು ಆ ಕೈಗೆ ಬೇಡ. ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಸಾಮಾನ್ಯವಾಗಿ 15 ಇಲ್ಲವೇ 25 ಸಲ. ಅದಕ್ಕಾಗಿ ಚರ್ಮದ ಮೇಲೆ ಹಾಕಿದ ಗುರುತನ್ನು ಉಜ್ಜಿ ತೊಳೆಯಬಾರದು, ಎಣ್ಣೆ, ಪೌಡರು ಹಚ್ಚಬಾರದು. ದಿನವೂ ಹೋಗಿಬರುವುದೇ ಅರ್ಧ ಸುಸ್ತು, ಆಸ್ಪತ್ರೆಯ ಹತ್ತಿರ ಒಂದು ಕೋಣೆ ಸಿಕ್ಕರೆ ಒಳ್ಳೆಯದು.

ಪ್ಯಾಕ್ಲಿಟ್ಯಾಕ್ಸೆಲ್ ನಡೆಯುವಾಗ ಬೆರಳ ತುದಿ, ಪಾದ ಜೋಮು ಹಿಡಿಯುತ್ತವೆ. ಮೆಟ್ಟುಕತ್ತಿ, ಹೆರೆಮಣೆ, ಬಿಸಿ ಪಾತ್ರೆ ಅವರ ಕೈಗೆ ಕೊಡಬೇಡಿ, ಅಂಗಳಕ್ಕೆ ಚಪ್ಪಲಿಯಿಲ್ಲದೆ ಇಳಿಯದಂತೆ ನೋಡಿ. ಜೋಮು ಹೆಚ್ಚುತ್ತಿದ್ದರೆ ಮುಂದಿನ ಡೋಸಿಗೆ ಮೊದಲೇ ಡಾಕ್ಟರಿಗೆ ಹೇಳಬೇಕು. ಮದ್ದು ನಿಲ್ಲಿಸಿಬಿಡುತ್ತಾರೆ ಎಂಬ ಹೆದರಿಕೆಯಿಂದ ಹಲವರು ಮುಚ್ಚಿಡುತ್ತಾರೆ.

ಮನಸ್ಸು ತೀರಾ ಕುಸಿದಾಗ

ಎರಡು ವಾರ ಬಿಡದೆ ಮಂಕು, ಯಾರೊಂದಿಗೂ ಮಾತಿಲ್ಲ, ಮಾತ್ರೆ ಬೇಡ, "ನಾನು ಹೋದರೆ ನಿಮಗೆಲ್ಲ ಬಿಡುಗಡೆ" ಎಂಬ ಮಾತು ಬಂದರೆ ಅದನ್ನು ಸುಸ್ತೆಂದು ತಳ್ಳಬೇಡಿ. ಸಾಯಬೇಕೆಂದು ಅನಿಸುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕ್ಯಾನ್ಸರ್ ಡಾಕ್ಟರಿಗೆ ಹೇಳಿ ಮನೋವೈದ್ಯರನ್ನು ಕಾಣಿಸಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು, ಕೇರಳದ ದಿಶಾ 1056 ಕೂಡ ಇದೆ. ಟ್ಯಾಮಾಕ್ಸಿಫೆನ್ ಎಂಬ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಾದರೆ ಅದನ್ನು ಮನೋವೈದ್ಯರಿಗೆ ತಪ್ಪದೆ ತಿಳಿಸಿ. ಖಿನ್ನತೆಗೆ ಕೊಡುವ ಪ್ಯಾರೋಕ್ಸೆಟಿನ್, ಫ್ಲುಯೋಕ್ಸೆಟಿನ್‌ನಂಥ ಮಾತ್ರೆಗಳು ಅದರ ಕೆಲಸವನ್ನು ತಗ್ಗಿಸಬಲ್ಲವು, ಬದಲಿ ಮಾತ್ರೆಗಳಿವೆ.

ಚಿಕಿತ್ಸೆ ಮುಗಿದ ಮೇಲೆ

ಕೊನೆಯ ರೇಡಿಯೇಷನ್ ಮುಗಿದ ದಿನ ಎಲ್ಲರೂ ಬಂದು ಸಿಹಿ ತಿಂದು ಹೋಗುತ್ತಾರೆ, ಮರುದಿನದಿಂದ ಫೋನೂ ಇಲ್ಲ. ಆಸ್ಪತ್ರೆಗೆ ಹೋಗುವ ಕೆಲಸವೂ ಇಲ್ಲದ ಆ ತಿಂಗಳುಗಳಲ್ಲೇ ಭಯ ದೊಡ್ಡದಾಗುವುದು. ಸ್ಕ್ಯಾನಿನ ಹಿಂದಿನ ವಾರ ಒಬ್ಬರು ಜೊತೆಗಿರಿ. ಹಾರ್ಮೋನ್ ಮಾತ್ರೆ ಐದು ವರ್ಷ, ಕೆಲವರಿಗೆ ಹತ್ತು. ಮೈಯಲ್ಲಿ ಬಿಸಿ ಏರುವುದು, ಗಂಟುನೋವು ತಾಳದೆ ಹೇಳದೆ ಕೇಳದೆ ಬಿಟ್ಟುಬಿಡುತ್ತಾರೆ. ತಿಂಗಳ ಮಾತ್ರೆ ತರುವಾಗ ಹಳೆಯ ಪಟ್ಟಿ ಖಾಲಿಯಾಗಿದೆಯೇ ನೋಡಿ. ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಇರುತ್ತದೆ, ದಿನಾಂಕವನ್ನು ಹೊಸ ಕ್ಯಾಲೆಂಡರಿಗೆ ಬರೆದುಕೊಳ್ಳಿ. ಆಪರೇಷನ್ ಆದ ಬದಿಯ ಕೈಯ ಬಳೆ ಮೊದಲಿಗಿಂತ ಬಿಗಿಯಾದರೆ, ಉಂಗುರ ತೆಗೆಯಲು ಸೋಪು ಬೇಕಾದರೆ ಆ ವಾರವೇ ಫಿಸಿಯೋಥೆರಪಿಸ್ಟರ ಬಳಿ ಕರೆದುಕೊಂಡು ಹೋಗಿ. ಬಾವು ಮೆತ್ತಗಿರುವಾಗ ಕಟ್ಟು ಹಾಕಿ ಇಳಿಸಬಹುದು, ಗಟ್ಟಿಯಾದ ಮೇಲೆ ಇಳಿಸುವುದು ಬಹಳ ಕಷ್ಟ.